ಮುಖ ಬಿಗಿ ಮಾಡುವ ಮಷೀನು ಮತ್ತು ನನ್ನ ತಂಗಿ

ಹೋದ ವರ್ಷ ಮಾಘದಲ್ಲಿ ಒಂದು ಬೆಳಿಗ್ಗೆ ತಾಂಡೂರಿನಿಂದ ತಂಗಿಯ ಫೋನು ಬಂದಾಗ ನಾನು ಒಂದು ಹನಿ ಹಾಲನ್ನು ಉಗುರಿನ ಮೇಲೆ ಬಿಟ್ಟುಕೊಂಡು ಅದು ನಿಲ್ಲುತ್ತದೋ ಹರಿಯುತ್ತದೋ ಎಂದು ನೋಡುತ್ತಿದ್ದೆ. ಹಾಲಿನವನು ಎದುರಿಗೇ ನಿಂತಿದ್ದ. ದಿನಾ ಇದೇ ಪರೀಕ್ಷೆಯಾದ್ದರಿಂದ ಅವನಿಗೂ ರೂಢಿಯಾಗಿದೆ, ಬೇಸರ ಮಾಡಿಕೊಳ್ಳುವುದಿಲ್ಲ. ಜಹೀರಾಬಾದಿನ ನಮ್ಮ ಓಣಿಯಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ಕಟ್ಟು ಪುಂಡಿಪಲ್ಯ ಮಾರುವುದೂ ಕಷ್ಟ. ಸರ್ಕಾರಿ ಶಾಲೆಯಲ್ಲಿ ಮಕ್ಕಳ ಸುಳ್ಳು ಹಿಡಿದು ಹಿಡಿದೇ ನಿವೃತ್ತಳಾದವಳು ನಾನು. ಮನೆಯವರು ನನ್ನನ್ನು ಪೊಲೀಸ್ ಪಟೇಲ ಎಂದು ಕರೆಯುತ್ತಾರೆ. ನಿಜಾಮರ ಕಾಲದ ಆ ಹುದ್ದೆ ಊರುಗಳಿಂದ ಹೋದರೂ ನನ್ನ ರೂಪದಲ್ಲಿ ನಮ್ಮ ಮನೆಯಲ್ಲಿ ಉಳಿದಿದೆಯಂತೆ.

"ಅಕ್ಕಾ, ಮಾರಿ ಬಿಗಿ ಮಾಡಿಸ್ಕೋಬೇಕಂತ ಮಾಡೀನಿ," ಎಂದಳು ತಂಗಿ. "ಆಪರೇಷನ್ ಅಲ್ಲ. ಕೊಯ್ಯಂಗಿಲ್ಲ, ಹೊಲಿಯಂಗಿಲ್ಲ. ಮಷೀನ್ ಅದ."

"ಕೊಯ್ಯಲಾರ್ದೆ ಹೊಲಿಯಲಾರ್ದೆ ಬಿಗಿ ಆಗೋದು ಹೊರಸಿನ ನುಲಿ ಹಗ್ಗ ಒಂದೇ ನೋಡೀನಿ ನಾ. ಯಾರ್ ಹೇಳಿದ್ರು ನಿನಗ? ಎಲ್ಲಿ ಮಾಡ್ತಾರ? ಮಾಡೋರು ಡಾಕ್ಟರೋ ಪಾರ್ಲರಿನವರೋ?"

"ಮೊಬೈಲಿನಾಗ ನೋಡೀನಿ. ಅದು ಅಲ್ಟ್ರಾಸೌಂಡ್ ಅಂತ. ಹೊಟ್ಯಾಗಿನ ಕೂಸು ನೋಡ್ತಾರಲ್ಲ, ಅದೇ. ಕೂಸಿಗೇ ಏನೂ ಆಗಂಗಿಲ್ಲ ಅಂದ್ರ ಗಲ್ಲಕ್ಕೇನಾಗ್ತದ?"

ಹಾಲಿನವನನ್ನು ಕಳಿಸಿ ನಾನು ಕಟ್ಟೆಯ ಮೇಲೆ ಕುಳಿತೆ. ತಂಗಿ ನನಗಿಂತ ಬಹಳ ಚಿಕ್ಕವಳು. ನಾಗಲಗಿದ್ದ ಎಂಬ ಊರಿನ ಕಡೆಯ ನಮ್ಮ ತವರಿನಲ್ಲಿ ಅವಳಿಗೆ ಎಣ್ಣೆ ಹಚ್ಚಿ, ಹೆರಳು ಹಾಕಿ ದೊಡ್ಡವಳನ್ನಾಗಿ ಮಾಡಿದ್ದು ನಾನೇ. ಸ್ನೋ, ಪೌಡರು ಎಂದು ಕನ್ನಡಿ ಮುಂದೆ ನಿಂತವಳಲ್ಲ. ತಾಂಡೂರಿನಲ್ಲಿ ಅವಳ ಗಂಡನ ಮನೆಯವರದು ಹಾಸುಗಲ್ಲು ಪಾಲಿಶ್ ಮಾಡುವ ಕಾರ್ಖಾನೆ. ಅಲ್ಲಿ ದಿನವಿಡೀ ಕಲ್ಲಿನ ಪುಡಿ ಹಾರುತ್ತಿರುತ್ತದೆ. ಮುಖ ತೊಳೆಯುವುದೇ ಅವಳ ಶೃಂಗಾರ. ಅಂಥವಳಿಗೆ ಒಮ್ಮೆಗೇ ಮುಖದ ಚಿಂತೆ ಏಕೆ ಬಂತು ಎನ್ನುವುದಕ್ಕೆ ನನಗೆ ಒಂದೇ ಕಾರಣ ಹೊಳೆಯಿತು. ಅವಳ ಮಗಳಿಗೆ ನಾರಾಯಣಖೇಡದಿಂದ ಸಂಬಂಧ ಬಂದಿತ್ತು.

ಹುಡುಗನ ಮನೆಯವರು ನಮ್ಮ ಹಾಗೆಯೇ ಲಿಂಗ ಕಟ್ಟಿಕೊಳ್ಳುವ ಮಂದಿ, ನಾರಾಯಣಖೇಡದಲ್ಲಿ ಬಟ್ಟೆ ಅಂಗಡಿಯವರು. ಕಡಲೆ ರಾಶಿ ಮುಗಿದ ಮೇಲೆ ಹೆಣ್ಣು ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದ್ದರು. ನಮ್ಮಲ್ಲಿ ಹೆಣ್ಣು ನೋಡಲು ಬಂದ ಹೆಂಗಸರು ಹುಡುಗಿಯನ್ನು ಒಂದು ಸಲ ನೋಡಿದರೆ ಅವಳ ತಾಯಿಯನ್ನು ನಾಲ್ಕು ಸಲ ನೋಡುತ್ತಾರೆ. ಚಹಾ ಕುಡಿಯುತ್ತಲೇ ತಾಯಿಯ ಹಲ್ಲು, ಕೂದಲು, ನಡಿಗೆ ಎಲ್ಲವನ್ನೂ ಅಳೆದುಬಿಡುತ್ತಾರೆ. ಮಗಳು ಮುಂದೆ ಏನಾಗುತ್ತಾಳೆ ಎನ್ನುವ ಲೆಕ್ಕ ಅವರಿಗೆ ತಾಯಿಯ ಮೈಯಲ್ಲಿ ಸಿಗುತ್ತದೆ ಎಂಬ ಭ್ರಮೆ.

ತಂಗಿಯ ಮುಖಕ್ಕೆ ಒಂದು ಹಳೆಯ ಕಥೆಯಿತ್ತು. ಈ ಮಗಳನ್ನು ಹೆತ್ತ ಹೊಸತರಲ್ಲಿ ಅವಳಿಗೆ ಲಕ್ವಾ ಹೊಡೆದಿತ್ತು. ಒಂದು ಮುಂಜಾನೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸುರಿದುಹೋಯಿತು. ನೋಡಿದರೆ ಬಾಯಿ ಸೊಟ್ಟಗಾಗಿತ್ತು. ಅವಳ ಅತ್ತೆ ಕೂಸಿನ ಸಮೇತ ಅವಳನ್ನು ತವರಿಗೆ ತಂದು ಬಿಟ್ಟು, "ಬಾಯಿ ನೆಟ್ಟಗಾದ ಮ್ಯಾಲ ಹೇಳಿ ಕಳಸ್ರಿ, ಬಂದು ಕರ್ಕೊಂಡು ಹೋಗ್ತೀವಿ," ಎಂದು ಹೇಳಿ ಹೋದರು. ಹೇಳಿದ್ದು ಅಷ್ಟೇ. ಅಷ್ಟರಲ್ಲಿ ಎಲ್ಲವೂ ಇತ್ತು. ಬಾಯಿ ನೆಟ್ಟಗಾಗದಿದ್ದರೆ ಏನು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಕೇಳಿಕೊಳ್ಳಲಿಲ್ಲ.

ಊರಿನಲ್ಲಿ ಬಾಣಂತನ ಎಂದು ಹೇಳಿಕೊಂಡೆವು. ಯಾರಾದರೂ ಕೂಸು ನೋಡಲು ಬಂದರೆ ತಂಗಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಲಕ್ವಾಕ್ಕೆ ಪಾರಿವಾಳದ ಬಿಸಿ ರಕ್ತ ಹಚ್ಚಬೇಕು ಎಂದು ಕುರಿ ಕಾಯುವ ಮನೆಯ ಮುದುಕಿ ಹೇಳಿದಳು. ಮೊಟ್ಟೆಯ ಸಿಪ್ಪೆ ಅಂಗಳಕ್ಕೆ ಬಂದು ಬಿದ್ದರೂ ಸಾರಿಸಿ ಸ್ನಾನ ಮಾಡುತ್ತಿದ್ದ ನಮ್ಮ ತಾಯಿ, ಯಾರಿಗೂ ಹೇಳಬೇಡ ಎಂದು ಕೈ ಮುಗಿದು ಅದನ್ನೂ ತರಿಸಿದಳು. ರಕ್ತದಿಂದಲೋ, ಬೀದರಿನ ಡಾಕ್ಟರ ಗುಳಿಗೆಯಿಂದಲೋ, ತನ್ನಷ್ಟಕ್ಕೆ ತಾನೋ, ಕೆಲವು ತಿಂಗಳಲ್ಲಿ ಬಾಯಿ ನೆಟ್ಟಗಾಯಿತು. ಎಡಗಲ್ಲ ಮಾತ್ರ ಕೂದಲೆಳೆಯಷ್ಟು ಸಡಿಲ ಉಳಿಯಿತು. ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು. ಅತ್ತೆ ಬಂದು ಕರೆದುಕೊಂಡು ಹೋದರು. ಆಮೇಲೆ ಆ ಶಬ್ದವನ್ನೇ ನಮ್ಮ ಮನೆಯಲ್ಲಿ ಯಾರೂ ಉಚ್ಚರಿಸಲಿಲ್ಲ.

ಆದ್ದರಿಂದ ಅವಳು ಮಷೀನು ಎಂದ ಕೂಡಲೇ ನನಗೆ ಆ ಸೊಟ್ಟ ಬಾಯಿಯೇ ನೆನಪಾಯಿತು. ಒಮ್ಮೆ ಸೋತು ಎದ್ದ ನರದ ಮೇಲೆ ಯಾರೋ ಬಿಸಿ ಹಾಯಿಸುತ್ತಾರೆ. ಮತ್ತೆ ಬಾಯಿ ಸೊಟ್ಟಗಾದರೆ ಏನು ಗತಿ? ಇದೊಂದೇ ನನ್ನ ತಲೆಯಲ್ಲಿ ಕೊರೆಯತೊಡಗಿತು. ಅವಳನ್ನು ಬೈದು ನಿಲ್ಲಿಸಲು ನೋಡಿದೆ. ನಿಲ್ಲಲಿಲ್ಲ. ಕೊನೆಗೆ, ಮಾಡಿಸಿಕೊಳ್ಳುವುದಾದರೆ ಮೊದಲು ಡಾಕ್ಟರ ಹತ್ತಿರ ಹೋಗೋಣ, ಪ್ರಶ್ನೆಗಳನ್ನೆಲ್ಲ ನಾನು ಕೇಳುತ್ತೇನೆ ಎಂದು ಒಪ್ಪಿಸಿದೆ.

ಜಹೀರಾಬಾದಿಗೆ ವಾರಕ್ಕೊಮ್ಮೆ ಹೈದರಾಬಾದಿನಿಂದ ಒಬ್ಬ ಚರ್ಮದ ಡಾಕ್ಟರು ಬರುತ್ತಿದ್ದರು. ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ ಅವರ ದವಾಖಾನೆ. ತಂಗಿ ರೈಲಿಗೆ ಬಂದಳು. ಕಂದು ಬಣ್ಣದ ಕನ್ನಡಕ ಹಾಕಿದ್ದಳು, ಎಡಗಲ್ಲಕ್ಕೆ ಕರ್ಚೀಫು ಒತ್ತಿ ಹಿಡಿದಿದ್ದಳು. ಇದೇನು ಎಂದರೆ, ಕಲ್ಲಿನ ಪುಡಿ ಬಿದ್ದು ಕಣ್ಣು ಕೆಂಪಾಗಿದೆ, ಮೊನ್ನೆ ದವಡೆಯ ಹಲ್ಲು ಕೀಳಿಸಿದ್ದೇನೆ, ಅದರ ಬಾವು ಇದೆ ಎಂದಳು. ಹಲ್ಲು ಕೀಳಿಸಿದ್ದನ್ನು ಫೋನಿನಲ್ಲಿ ಏಕೆ ಹೇಳಲಿಲ್ಲ ಎಂದು ಬೈದು, ಲವಂಗ ಕೊಟ್ಟೆ. ಆ ಇಡೀ ತಿಂಗಳಿನಲ್ಲಿ ನಾನು ಒರೆ ಹಚ್ಚದೆ ನಂಬಿದ ಮಾತು ಆ ಹಲ್ಲಿನದೊಂದೇ.

ದವಾಖಾನೆಯ ಗೋಡೆ ತುಂಬ ಚಿತ್ರಗಳು. ಎಡಕ್ಕೆ ಇಳಿಬಿದ್ದ ಕುತ್ತಿಗೆ, ಬಲಕ್ಕೆ ಬಿಗಿಯಾದ ಕುತ್ತಿಗೆ. ನಾನು ಹತ್ತಿರ ಹೋಗಿ ನೋಡಿದೆ. ಎಡದ ಚಿತ್ರದಲ್ಲಿ ಹೆಂಗಸು ತಲೆ ತಗ್ಗಿಸಿದ್ದಳು, ಬಲದ ಚಿತ್ರದಲ್ಲಿ ಗದ್ದ ಎತ್ತಿದ್ದಳು. ಗದ್ದ ಎತ್ತಿದರೆ ನನ್ನ ಕುತ್ತಿಗೆಯೂ ಬಿಗಿಯಾಗುತ್ತದೆ, ಅದಕ್ಕೆ ಮಷೀನು ಏಕೆ? ಚೀಟಿ ಬರೆಯುವ ಹುಡುಗಿಯನ್ನು ಯಾವೂರು ಎಂದು ಕೇಳಿದೆ. ಸಿರ್ಗಾಪುರ ಎಂದಳು. ಸಿರ್ಗಾಪುರದಿಂದ ನಾರಾಯಣಖೇಡ ಎಷ್ಟು ದೂರ? ತಂಗಿ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಹುಡುಗನ ಮನೆ ಮುಟ್ಟುವಷ್ಟು ಹತ್ತಿರ.

ಡಾಕ್ಟರು ಚಿಕ್ಕ ವಯಸ್ಸಿನವರು, ತೆಲುಗಿನಲ್ಲಿ ನಿಧಾನಕ್ಕೆ ಮಾತಾಡುವವರು. ನಾನು ಒಂದೊಂದೇ ಪ್ರಶ್ನೆ ಎಸೆದೆ. ಹೊಟ್ಟೆಯ ಕೂಸು ನೋಡುವ ಮಷೀನೂ ಇದೂ ಒಂದೇ ಏನು? ಅವರು ತಲೆ ಅಲ್ಲಾಡಿಸಿದರು. ಶಬ್ದದ ಜಾತಿ ಒಂದೇ, ಕೆಲಸ ಬೇರೆ ಎಂದರು. ಕೂಸು ನೋಡುವಾಗ ಶಬ್ದ ಹರಡಿಕೊಂಡು ಹೋಗಿ ತಿರುಗಿ ಬರುತ್ತದೆ, ಸುಡುವುದಿಲ್ಲ. ಇದರಲ್ಲಿ ಅದನ್ನು ಒಂದು ಚುಕ್ಕೆಗೆ ಕೂಡಿಸುತ್ತಾರೆ. ಭೂತಗನ್ನಡಿ ಹಿಡಿದರೆ ಬಿಸಿಲು ಕಾಗದ ಸುಡುತ್ತದಲ್ಲ, ಹಾಗೆ. ಮೇಲಿನ ತೊಗಲು ಹಾಗೇ ಉಳಿದು ಒಳಗೆ ಸಣ್ಣ ಸಣ್ಣ ಚುಕ್ಕೆಯಷ್ಟು ಜಾಗ ಕಾಯುತ್ತದೆ. ಆ ಗಾಯ ಮಾಯುವಾಗ ಚರ್ಮ ಸ್ವಲ್ಪ ಬಿಗಿಯಾಗುತ್ತದೆ.

"ಸ್ವಲ್ಪ ಅಂದರೆ?"

"ಸ್ವಲ್ಪವೇ. ಅದೂ ಎರಡು ಮೂರು ತಿಂಗಳ ಮೇಲೆ. ಆಪರೇಷನ್ ಮಾಡಿದ ಹಾಗೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತುಂಬ ಜೋತುಬಿದ್ದ ಚರ್ಮಕ್ಕೆ ಇದು ಸಾಲುವುದಿಲ್ಲ. ಕೆಲವರಿಗೆ ಏನೂ ಫರಕು ಕಾಣುವುದೂ ಇಲ್ಲ."

ನೋವಾಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ ಎಂದರು. ಆಮೇಲೆ ಕೆಂಪು, ಬಾವು, ಮುಟ್ಟಿದರೆ ನೋವು ಕೆಲವು ಕಾಲ ಇರಬಹುದು. ಅಪರೂಪಕ್ಕೆ ಸುಟ್ಟ ಗಾಯ. ಅಪರೂಪಕ್ಕೆ ದವಡೆಯಂಚಿನ ನರಕ್ಕೆ ಬಿಸಿ ತಾಕಿ ತುಟಿ ಕೆಲವು ವಾರ ಓರೆಯಾಗುವುದೂ ಉಂಟು, ಸಾಮಾನ್ಯವಾಗಿ ತಿರುಗಿ ಸರಿಹೋಗುತ್ತದೆ ಎಂದರು. ಕೈ ಪಳಗಿದವರೇ ಮಾಡಬೇಕು, ಯಾವ ಆಳಕ್ಕೆ ಬಿಸಿ ಬೀಳುತ್ತದೆ ಎಂದು ಗೊತ್ತಿರಬೇಕು, ಬಸುರಿಯರಿಗೆ ಮಾಡಬಾರದು, ಹುಣ್ಣು ಗಾಯ ಇದ್ದಲ್ಲಿ ಮಾಡಬಾರದು ಎಂದು ತಾವಾಗಿಯೇ ಹೇಳಿದರು.

ಇದು ನನ್ನನ್ನು ಇನ್ನೂ ಅನುಮಾನಕ್ಕೆ ಕೆಡವಿತು. ನನ್ನ ಜನ್ಮದಲ್ಲಿ ತನ್ನ ಸರಕನ್ನು ತಾನೇ ಇಷ್ಟು ಹಳಿಯುವ ವ್ಯಾಪಾರಿಯನ್ನು ನಾನು ಕಂಡಿಲ್ಲ. ಹಾಗೆ ಹಳಿಯುತ್ತಾನೆ ಎಂದರೆ ಒಳಗೆ ಬೇರೆ ಏನೋ ಮಾರುವುದಿದೆ ಎಂದು ಲೆಕ್ಕ ಹಾಕಿದೆ. ಅದು ಏನು ಎಂದು ಕಾಯುತ್ತ ಕುಳಿತೆ.

ಡಾಕ್ಟರು ತಂಗಿಗೆ ಕನ್ನಡಕ ತೆಗೆಯಲು ಹೇಳಿದರು. ಕರ್ಚೀಫು ತೆಗೆಸಿದರು. ನಗಿ ಎಂದರು. ಅವಳು ತುಟಿ ಬಿಚ್ಚದೆ ಒಂಚೂರು ನಕ್ಕು, ಹಲ್ಲು ನೋವು ಎಂದು ಮತ್ತೆ ಕರ್ಚೀಫು ಒತ್ತಿಕೊಂಡಳು. ಹಿಂದೆ ಯಾವಾಗಲಾದರೂ ನರದ ತೊಂದರೆ, ಲಕ್ವಾ, ಅಂಥದ್ದೇನಾದರೂ ಆಗಿತ್ತೇ ಎಂದು ಅವರು ಕೇಳಿದರು. ಸಿರ್ಗಾಪುರದ ಹುಡುಗಿ ಬಾಗಿಲ ಹತ್ತಿರವೇ ನಿಂತಿದ್ದಳು. ನಾನು ಬಾಯಿ ತೆರೆದೆ. ಮೇಜಿನ ಕೆಳಗೆ ತಂಗಿ ನನ್ನ ಮಣಿಕಟ್ಟು ಚಿವುಟಿದಳು. "ಏಮೀ ಲೇದು ಸಾರ್," ಎಂದಳು. ಏನೂ ಇಲ್ಲ.

ಡಾಕ್ಟರು ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದರು. "ಚರ್ಮ ಸಡಿಲಾದರೆ ಹೆಚ್ಚು ಕಡಿಮೆ ಎರಡೂ ಕಡೆ ಇಳಿಯುತ್ತದೆ," ಎಂದರು. "ನಿಮಗೆ ಒಂದೇ ಕಡೆ ಇಳಿದಿದೆ. ಇದು ಚರ್ಮದ ಕೆಲಸ ಅಲ್ಲ ಎಂದು ನನಗೆ ಅನ್ನಿಸುತ್ತದೆ. ನಾನು ಮಷೀನು ಮುಟ್ಟಿಸುವುದಿಲ್ಲ. ಮೊದಲು ನರದ ಡಾಕ್ಟರಿಗೆ ತೋರಿಸಿ. ತಡ ಮಾಡಬೇಡಿ." ಒಂದು ಚೀಟಿಯಲ್ಲಿ ಹೈದರಾಬಾದಿನ ಒಬ್ಬ ಡಾಕ್ಟರ ಹೆಸರು ಬರೆದುಕೊಟ್ಟರು.

ಮೆಟ್ಟಿಲು ಇಳಿಯುವಷ್ಟರಲ್ಲಿ ತಂಗಿ ಹೇಳಿದಳು, "ನೋಡ್ದೇನಕ್ಕಾ? ಅವರಿಗೂ ಇವರಿಗೂ ಕಮಿಷನ್ ಇರ್ತದ. ಗಲ್ಲ ತೋರಸ್ಲಾಕ ಬಂದ್ರ ತಲಿ ಸ್ಕ್ಯಾನ್ ಮಾಡಸ್ತಾರ." ನನಗೂ ಅದೇ ಹೊಳೆದಿತ್ತು. ಕಾದು ಕುಳಿತಿದ್ದ ಸರಕು ಕೊನೆಗೂ ಹೊರಬಂತು ಎನ್ನಿಸಿ ಒಂದು ಥರದ ಸಮಾಧಾನವೂ ಆಗಿತ್ತು. ಒಂದು ಕಡೆ ಇಳಿದದ್ದು ಹಳೆಯ ಲಕ್ವಾದ ಉಳಿಕೆ, ಮೇಲೆ ಹಲ್ಲಿನ ಬಾವು, ಅದು ನನಗೆ ಗೊತ್ತೇ ಇತ್ತು. ಆದರೂ ಮಷೀನು ತಪ್ಪಿತಲ್ಲ, ಆ ಮಟ್ಟಿಗೆ ಒಳ್ಳೆಯದೇ ಆಯಿತು ಎಂದುಕೊಂಡು ಅವಳನ್ನು ರೈಲು ಹತ್ತಿಸಿದೆ.

ಮಷೀನು ತಪ್ಪಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಮತ್ತೆ ಫೋನು ಬಂತು. ತಾಂಡೂರಿನಲ್ಲೇ ಒಂದು ಪಾರ್ಲರಿನಲ್ಲಿ ಅದೇ ಮಷೀನು ಬಂದಿದೆಯಂತೆ. ನಡೆಸುವವಳು ಪೆದ್ದೆಮುಲ್ ಕಡೆಯವಳು, ಹೈದರಾಬಾದಿನಲ್ಲಿ ಕಲಿತು ಬಂದವಳು. "ನಮ್ಮಾಕಿ ಅಕ್ಕಾ," ಎಂದಳು ತಂಗಿ. "ನಮ್ಮ ಹಂಗೇ ಕನ್ನಡ ಮಾತಾಡ್ತಾಳ. ಭಾಳ ಸಮಾಧಾನದಾಕಿ. ಎಲ್ಲಾ ಕೇಳಿ ತಿಳ್ಕೊಂಡಾಳ."

"ಕನ್ನಡ ಮಾತಾಡಿದ್ರ ಮಷೀನ್ ಕನ್ನಡದ್ದಾಗ್ತದೇನು?" ಎಂದು ಬೈದು ಫೋನು ಇಟ್ಟೆ. ಮರುದಿನವೇ ವಿಕಾರಾಬಾದಿನಲ್ಲಿ ರೈಲು ಬದಲಿಸಿ ತಾಂಡೂರಿಗೆ ಹೋದೆ. ನಾನಿಲ್ಲದೆ ಮುಖಕ್ಕೆ ಕೈ ಹಚ್ಚಿಸಿಕೊಳ್ಳಬಾರದು ಎಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದೆ.

ಬೈದೆ ನಿಜ, ಆದರೆ ಅವಳು ಹೇಳಿದ್ದು ನನಗೆ ಅರ್ಥವಾಗದ ಮಾತೇನಲ್ಲ. ನಮ್ಮ ಕಡೆ ಬಾಯಿ ಮೂರು ಭಾಷೆಯಲ್ಲಿ ಓಡಾಡುತ್ತದೆ. ಕಚೇರಿ, ಶಾಲೆ, ದವಾಖಾನೆಗೆ ತೆಲುಗು. ಬಜಾರಿಗೆ, ಆಟೋದವನಿಗೆ ಉರ್ದು. ಒಲೆಯ ಮುಂದೆ ಕನ್ನಡ. ತೆಲುಗಿನಲ್ಲಿ ನಾವು ಎಷ್ಟು ಬೇಕೋ ಅಷ್ಟೇ ಹೇಳುತ್ತೇವೆ, ಸಹಿ ಹಾಕುವಾಗ ಬೆನ್ನು ನೆಟ್ಟಗೆ ಮಾಡಿ ಕೂರುವ ಹಾಗೆ. ಆದರೆ ಮನೆಯ ಹೊರಗೆ ಯಾರೋ ಗುರುತಿಲ್ಲದವರು "ಬರ್ರಿ, ಕುಂದ್ರಿ" ಎಂದುಬಿಟ್ಟರೆ ನಮ್ಮ ಗಂಟುಗಳೆಲ್ಲ ಸಡಿಲಾಗುತ್ತವೆ. ಅವರು ನಮ್ಮವರೇ ಎಂದು ತೀರ್ಮಾನಿಸಿಬಿಡುತ್ತೇವೆ. ಕನ್ನಡ ಆಡಿದ ಬೀಜದ ಅಂಗಡಿಯವನನ್ನು ನಂಬಿ ಮುಗ್ಗಿದ ಬೀಜ ತಂದವರು, ಕನ್ನಡ ಆಡಿದ ದಲ್ಲಾಳಿಯನ್ನು ನಂಬಿ ಪಾಳು ಪ್ಲಾಟು ಹಿಡಿದವರು ನಮ್ಮ ಬಂಧುಗಳಲ್ಲೇ ಇದ್ದಾರೆ. ಕರ್ನಾಟಕದ ಒಳಗಿನವರಿಗೆ ಈ ದೌರ್ಬಲ್ಯ ಇರಲಾರದು. ಗಡಿಯ ಈಚೆ ಉಳಿದ ನಮಗೆ ಇದೊಂದು ರೋಗದ ಹಾಗೆ ಅಂಟಿಕೊಂಡಿದೆ.

ಪಾರ್ಲರು ಸೀರೆ ಅಂಗಡಿಯ ಮೇಲಿತ್ತು. ತಂಗಿ ಅದೇ ಕನ್ನಡಕ, ಅದೇ ಕರ್ಚೀಫಿನಲ್ಲಿ ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು. ಬೀದಿಯಲ್ಲಿ ನೀಲಿ ಹಾಸುಗಲ್ಲುಗಳನ್ನು ಹೇರಿಕೊಂಡ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಮೆಟ್ಟಿಲ ಮೇಲೂ ಪುಡಿ. ಒಳಗೆ ಹೋದರೆ ಗುಲಾಬಿ ಪರದೆ, ಗುಲಾಬಿ ಗೋಡೆ, ಅಗರಬತ್ತಿಯ ವಾಸನೆ. ಪಾರ್ಲರಿನವಳು ಎದ್ದು ಬಂದು ನನ್ನ ಪಾದ ಮುಟ್ಟಿದಳು. ಹಣೆಯ ಮೇಲೆ ತೆಳ್ಳಗೆ ವಿಭೂತಿ.

"ಬರ್ರಿ ದೊಡ್ಡಕ್ಕೋರೆ. ಬಿಸಲಾಗ ಬಂದೀರಿ. ನೀರು ಕುಡೀರಿ ಮೊದಲ."

ನಾನು ಸೋತದ್ದು ಹೇಳಲೇಬೇಕು. ಒಂದು ಗಳಿಗೆ ನನಗೆ ಅವಳು ನಮ್ಮ ತವರಿನ ಓಣಿಯ ಹುಡುಗಿಯ ಹಾಗೇ ಕಂಡಳು. ನೀರು ಕುಡಿದ ಮೇಲೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಮಷೀನಿನ ಹತ್ತಿರ ಹೋದೆ. ಗಾಲಿಯ ಮೇಲೆ ನಿಂತ ಬಿಳಿ ಪೆಟ್ಟಿಗೆ. ತಯಾರಿಸಿದವರ ಹೆಸರಿರಬೇಕಾದಲ್ಲಿ ಕಾಗದ ಕಿತ್ತ ಅಂಟು ಮಾತ್ರ ಉಳಿದಿತ್ತು.

"ಇದು ಎಷ್ಟು ಆಳಕ್ಕ ಬಿಸಿ ಹಾಯಸ್ತದ?" ಎಂದು ಕೇಳಿದೆ.

"ಅದೇನ್ ಜಾಸ್ತಿ ಇಲ್ರಿ. ಕೂಸು ನೋಡೋ ಸ್ಕ್ಯಾನಿಂಗ್ ಇದ್ದಂಗರಿ. ಏನೂ ಆಗಂಗಿಲ್ರಿ."

"ಒಳಗ ಎಲ್ಲಿ ಬೀಳ್ತದ ಅಂತ ಕಾಣಸ್ತದೇನು?"

"ಅಂದಾಜ ಇರ್ತದ್ರಿ. ಕೈಗೆ ರೂಢಿ ಆಗ್ಯಾದರಿ."

"ಯಾರಿಗರೆ ಸುಟ್ಟದೇನು ಇಲ್ಲೀತನಕ?"

"ಒಬ್ರಿಗೆ ಜರಾ ಗೀರು ಬಿದ್ದಿತ್ರಿ. ಅಲೋವೆರಾ ಹಚ್ಚಿದ್ಮ್ಯಾಲ ಹೋತ್ರಿ." ಮುಚ್ಚುಮರೆ ಇಲ್ಲದೆ ಹೇಳಿದಳು. ಮೋಸಗಾತಿಯಾಗಿದ್ದರೆ ನಾನು ಗಳಿಗೆಯಲ್ಲಿ ಹಿಡಿಯುತ್ತಿದ್ದೆ. ಅವಳು ಮೋಸಗಾತಿಯಾಗಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ತನಗೆ ಗೊತ್ತಿಲ್ಲ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ನಾನು ತಂಗಿಯ ಕಡೆ ತಿರುಗಿ, ಏಳು, ಹೋಗೋಣ ಎಂದೆ. ಅವಳು ಆಗಲೇ ಪರದೆಯ ಒಳಗೆ ಹೋಗಿ ಮಂಚದ ಮೇಲೆ ಮಲಗಿದ್ದಳು. ಕೊರಳ ಸರ ತೆಗೆದಿಟ್ಟಿದ್ದಳು. ಲಿಂಗದ ಕರಡಿಗೆಯನ್ನು ಮಾತ್ರ ತೆಗೆಯಲಾರದೆ ದಾರವನ್ನು ಎದೆಯ ಕಡೆ ಸರಿಸಿ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. "ನೀ ಹೊರಗ ಕುಂದ್ರಕ್ಕಾ," ಎಂದಳು. "ಸೋಮವಾರಕ್ಕ ನಾರಾಯಣಖೇಡದವರು ಬರ್ತಾರ."

"ಇವತ್ತ ಮಾಡಿಸಿದ್ರ ಸೋಮವಾರಕ್ಕ ಏನಾಗ್ತದ? ಮೂರು ತಿಂಗಳು ಅಂದಾರ ಡಾಕ್ಟರು. ಕೆಂಪಗ ಬಾತ ಮಾರಿ ತೋರಸ್ತೀಯೇನು ಅವರಿಗೆ?"

"ಇವತ್ತೇ ಗೊತ್ತಾಗ್ತದ ಅಂದಾಳ ಈಕಿ."

ಪಾರ್ಲರಿನವಳು ನಗುತ್ತ ಪರದೆ ಎಳೆದಳು. ಒಳಗೆ ಇಬ್ಬರಿಗಿಂತ ಹೆಚ್ಚು ಜನ ಇರಬಾರದಂತೆ. ನಾನು ಹೊರಗೆ ಕುರ್ಚಿಯಲ್ಲಿ ಕುಳಿತೆ. ಕೈ ಹಿಡಿದು ಎಬ್ಬಿಸಿಕೊಂಡು ಹೋಗಬಹುದಿತ್ತು, ಆದರೆ ಮದುವೆಗೆ ಬಂದ ಮಗಳಿರುವ ಹೆಂಗಸನ್ನು ಎಷ್ಟೆಂದು ಎಳೆದಾಡುವುದು? ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ನಾನು ಪರದೆಯ ಅಂಚನ್ನೇ ನೋಡುತ್ತಿದ್ದೆ. ಆ ಸದ್ದು ಅವಳ ಮುಖದ ಯಾವ ಭಾಗದಲ್ಲಿ ಬೀಳುತ್ತಿದೆ, ಆ ಹಾಳು ನರ ಎಲ್ಲಿ ಹಾದುಹೋಗಿದೆ, ಬಾಯಿ ಮತ್ತೆ ಸೊಟ್ಟಗಾದರೆ ಸೋಮವಾರ ಯಾವ ಮುಖ ಹೊತ್ತು ಅವರ ಎದುರಿಗೆ ಕೂರುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದೆ. ನನಗೆ ಭಯವಾಗಿತ್ತು. ತಂಗಿ ಹಲ್ಲು ಕಚ್ಚಿ ಉಸಿರೆಳೆದುಕೊಂಡದ್ದು ಕೇಳಿಸಿತು. ನಾನು ಎದ್ದು ಪರದೆ ಸರಿಸಿದೆ.

ಅವಳ ಕಿವಿಯ ಕೆಳಗಿನಿಂದ ದವಡೆಯ ಅಂಚಿಗೆ ಬಿಳಿ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಜೆಲ್ಲಿ ಮೆತ್ತಿದ ಚರ್ಮದ ಮೇಲೆ ಕಡ್ಡಿಯಂಥ ಎರಡು ಮೂರು ಕೆಂಪು ಬರೆ ಎದ್ದಿದ್ದವು. ಎಲ್ಲವೂ ಎಡಗಡೆಗೇ. ಬಲಗಲ್ಲ ಒಣಗಿತ್ತು, ಅಲ್ಲಿ ಗೆರೆಯೂ ಇಲ್ಲ, ಜೆಲ್ಲಿಯೂ ಇಲ್ಲ.

"ಬಲಗಡಿ ಯಾಕ ಗೆರಿ ಹಾಕಿಲ್ಲ?" ಎಂದು ಪಾರ್ಲರಿನವಳನ್ನು ಕೇಳಿದೆ. ಅರ್ಧ ಕೆಲಸ ಮಾಡಿ ಪೂರಾ ರೊಕ್ಕ ಎಣಿಸುವ ಯುಕ್ತಿ ಇರಬೇಕು ಎಂದು ನನ್ನ ತಲೆಗೆ ಬಂತು.

ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಅವಳಿಗೆ ನಿಜಕ್ಕೂ ಅಚ್ಚರಿಯಾಗಿತ್ತು. "ಅಕ್ಕೋರು ಎಡಗಡಿ ಅಷ್ಟೇ ಮಾಡು ಅಂದಾರಲ್ರಿ. ಲಕ್ವಾ ತಿರಗಿ ಹೊಡ್ದದಲ್ರಿ ಈ ಕಡಿಗೆ. ಎಳ್ಳಮಾಸಿಗಿ ಹೊಲಕ್ಕ ಹೋಗಿ ಚರಗಾ ಚೆಲ್ಲಿ ಬಂದ ಮರುದಿನ ಮುಂಜಾನಿ ಹೊಡ್ದದಂತ. ಮೊದಲನೇ ಸಲ ಬಾಣಂತನದಾಗ ಆಗಿದ್ದೂ ಹೇಳ್ಯಾರ್ರಿ ನನಗ. ನಿಮಗ ಗೊತ್ತಿರಬೇಕಲ್ರಿ."

ಎಳ್ಳಮಾಸಿ, ಎಂದರೆ ಎಳ್ಳು ಅಮಾವಾಸ್ಯೆ, ಮಾಘದ ಆ ಫೋನಿಗಿಂತ ಮುಂಚೆ. ಜಹೀರಾಬಾದಿನ ಡಾಕ್ಟರಿಗಿಂತ ಮುಂಚೆ. ಕೀಳಿಸಿದ ಹಲ್ಲು ಯಾವುದೂ ಇರಲಿಲ್ಲ. ಮಷೀನಿನಿಂದ ಎಲ್ಲಿ ಬಂದೀತೋ ಎಂದು ನಾನು ಊರೂರು ಅಲೆದು ಕಾವಲು ಕಾಯುತ್ತಿದ್ದ ಆ ರೋಗ ಆಗಲೇ ಬಂದು ಅವಳ ಮುಖದಲ್ಲಿ ಕುಳಿತಿತ್ತು. ಅದನ್ನು ಕೇಳಬೇಕಾದ ಡಾಕ್ಟರು ಕೇಳಿದಾಗ ತೆಲುಗಿನಲ್ಲಿ ಏನೂ ಇಲ್ಲ ಎಂದವಳು, ಕೇಳಿಯೂ ಏನೂ ಮಾಡಲಾರದ ಈ ಹೆಂಗಸಿಗೆ ಕನ್ನಡದಲ್ಲಿ ಎಲ್ಲವನ್ನೂ ಹೇಳಿಕೊಂಡಿದ್ದಳು. ಸೋತ ನರವನ್ನು ಚರ್ಮ ಬಿಗಿ ಮಾಡಿ ಎತ್ತಿ ನಿಲ್ಲಿಸಬಹುದು ಎಂದು ಇಬ್ಬರೂ ಸೇರಿ ನಂಬಿದ್ದರು.

"ಸಾಕು, ಬಂದ್ ಮಾಡು," ಎಂದೆ ಪಾರ್ಲರಿನವಳಿಗೆ. ಅವಳು ಎದುರಾಡಲಿಲ್ಲ. ಗುಂಡಿ ಒತ್ತಿ ಮಷೀನು ಆರಿಸಿ, ಅರಿವೆ ತರುತ್ತೇನೆ ಎಂದು ಹೊರಗೆ ಹೋದಳು. ನಾನು ತಾಳಲಾರದೆ ನನ್ನ ಸೆರಗಿನಿಂದಲೇ ತಂಗಿಯ ದವಡೆ ಒರೆಸತೊಡಗಿದೆ. ಜೆಲ್ಲಿ ತಣ್ಣಗಿತ್ತು, ಕೆಳಗೆ ಚರ್ಮ ಬಿಸಿಯಾಗಿತ್ತು. ಒರೆಸುತ್ತಲೇ ಸಿಟ್ಟು ಉಕ್ಕಿ ಬಂತು.

"ಯಾರೋ ಪೆದ್ದೆಮುಲ್ಲಿನಾಕಿಗೆ ಹೇಳ್ದಿ. ನನಗ ಹೇಳಲಿಲ್ಲ. ನಾ ಏನು ದಾರ್ಯಾಗ ಹೋಗೋಳೇನು ನಿನಗ?"

ತಂಗಿ ಮಲಗಿದಲ್ಲೇ ಚಾವಣಿ ನೋಡುತ್ತಿದ್ದಳು. ಮಾತಾಡುವಾಗ ಅವಳ ತುಟಿಯ ಎಡ ಮೂಲೆ ಕದಲಲಿಲ್ಲ. ಈ ರಗಳೆ ಶುರುವಾದ ಮೇಲೆ ಅಷ್ಟು ಹತ್ತಿರದಿಂದ, ಕರ್ಚೀಫಿಲ್ಲದೆ, ನಾನು ಅವಳ ಮುಖ ನೋಡಿದ್ದು ಅದೇ ಮೊದಲು.

"ಆಕಿ ಕೇಳಿದ್ಳು, ಹೇಳ್ದೆ," ಎಂದಳು. "ನೀ ಮಷೀನ್ ಬಗ್ಗೆ ಕೇಳ್ದಿ. ಡಾಕ್ಟರ ಬಗ್ಗೆ ಕೇಳ್ದಿ. ಸಿರ್ಗಾಪುರದ ಹುಡುಗಿ ಬಗ್ಗೆ ಸೈತ ಕೇಳ್ದಿ. ನನಗ ಏನಾಗ್ಯಾದ ಅಂತ ಒಮ್ಮೆನೂ ಕೇಳಲಿಲ್ಲಲ್ಲಕ್ಕಾ."

ಮಂಚದ ಅಂಚಿನಲ್ಲಿ ಕುಳಿತೆ. ಅವಳ ಕೈ ಹಿಡಿದುಕೊಂಡೆ.

"ಏನಾಗ್ಯಾದವ್ವ ನಿನಗ?" ಎಂದು ಕೇಳಿದೆ.

"ಎಡಗಣ್ಣು ಮುಚ್ಚವಲ್ಲದು ಅಕ್ಕಾ," ಎಂದಳು. "ಕಣ್ಣಿಗೆ ಅರಿವಿ ಕಟ್ಕೊಂಡು ಮಲಗ್ಲತ್ತೀನಿ."